ಆಹಾರದ ಮೂಲ ಪತ್ತೆಗೆ ಬ್ಲಾಕ್‌ಚೈನ್: ಕೋಡಿಂಗ್ ಕಲಿತರೆ ಸಾಕಾ?

ಪ್ರಶ್ನೆ: ನಮ್ಮದು ಸಣ್ಣ ಊರಿನ ಎಂಜಿನಿಯರಿಂಗ್ ಕಾಲೇಜು. ಆಹಾರ ಎಲ್ಲಿಂದ ಬಂತು ಎಂದು ಪತ್ತೆ ಮಾಡಲು ಬ್ಲಾಕ್‌ಚೈನ್ ಬಳಸುವ ಬಗ್ಗೆ ಒಂದು ಸಂಶೋಧನಾ ತಂಡ ಕಟ್ಟಬೇಕು ಅಂದುಕೊಂಡಿದ್ದೇವೆ. ಹುಡುಗರಿಗೆ ಕೋಡಿಂಗ್ ಕಲಿಸಿದರೆ ಸಾಕಾ, ಇನ್ನೇನಾದರೂ ಬೇಕಾ?

ಸಾಲದು. ಕೋಡಿಂಗ್ ಬೇಕೇ ಬೇಕು, ಆದರೆ ಇಡೀ ಕೆಲಸದಲ್ಲಿ ಸುಲಭದ ಭಾಗ ಅದೇ. ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಂಥ ಬ್ಲಾಕ್‌ಚೈನ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಲ್ಯಾಬಿನ ಕಂಪ್ಯೂಟರುಗಳಲ್ಲೇ ಓಡಿಸಿ ನೋಡಬಹುದು. ಕಷ್ಟ ಇರುವುದು ಕಂಪ್ಯೂಟರಿನ ಆಚೆಗೆ.

ಕಾಫಿಯನ್ನೇ ತೆಗೆದುಕೊಳ್ಳಿ. ದೇಶದ ಕಾಫಿಯಲ್ಲಿ ಶೇ. 70ರಷ್ಟು ಕರ್ನಾಟಕದ್ದೇ. 2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರದ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಶುರು ಮಾಡಿತ್ತು, ಹಾಗಾಗಿ ಇದು ನಮಗೆ ತೀರಾ ಹೊಸ ವಿಷಯವೇನೂ ಅಲ್ಲ. ಈಗ ಒಬ್ಬ ಸಣ್ಣ ಬೆಳೆಗಾರರ ಕಾಫಿ ಹೋಗುವ ದಾರಿ ನೋಡಿ. ಹಣ್ಣು ಕೊಯ್ದು ಕಣದಲ್ಲಿ ಒಣಗಿಸಿ, ಚೆರಿ (ಸಿಪ್ಪೆ ಸಮೇತ ಒಣಗಿದ ಕಾಫಿ) ಮಾಡಿ, ಮೂಟೆ ಕಟ್ಟಿ ಪೇಟೆಯ ವರ್ತಕರಿಗೆ ಕೊಡುತ್ತಾರೆ. ವರ್ತಕರ ಗೋದಾಮಿನಲ್ಲಿ ಅದು ಇನ್ನೂ ಹತ್ತಾರು ಜನರ ಕಾಫಿಯ ಜೊತೆ ಸೇರುತ್ತದೆ. ಅಲ್ಲಿಂದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ ಸಿಪ್ಪೆ ಬಿಡಿಸಿಕೊಂಡು, ಬೀಜದ ಗಾತ್ರದ ಮೇಲೆ ಬೇರೆ ಬೇರೆ ಗ್ರೇಡ್ ಆಗುತ್ತದೆ. ಆಮೇಲೆ ರಫ್ತುದಾರರು ಮತ್ತೆ ಬೆರೆಸುತ್ತಾರೆ. ಇಟಲಿಗೆ ಹೋದ ಒಂದು ಮೂಟೆಯಲ್ಲಿ ಯಾರ ತೋಟದ ಬೀಜ ಎಷ್ಟಿದೆ? ಜಾಡು ಮೊದಲು ತಪ್ಪುವುದು ವರ್ತಕರ ಆ ಗೋದಾಮಿನಲ್ಲಿ.

ಬ್ಲಾಕ್‌ಚೈನ್ ಇಲ್ಲಿ ಏನು ಮಾಡುತ್ತದೆ? ಅದು ಒಂದು ಲೆಕ್ಕದ ಪುಸ್ತಕ, ಅಷ್ಟೇ. ಪ್ರತಿ ಪುಟಕ್ಕೂ ಅದರಲ್ಲಿ ಬರೆದದ್ದರಿಂದಲೇ ಲೆಕ್ಕ ಹಾಕಿದ ಒಂದು ಬೆರಳಚ್ಚು ಇರುತ್ತದೆ, ಮುಂದಿನ ಪುಟದೊಳಗೆ ಹಿಂದಿನ ಪುಟದ ಬೆರಳಚ್ಚು ಸೇರಿರುತ್ತದೆ, ಪುಸ್ತಕದ ಒಂದೊಂದು ನಕಲು ಬೆಳೆಗಾರರ ಸಂಘ, ವರ್ತಕರು, ಕ್ಯೂರಿಂಗ್‌ನವರು ಎಲ್ಲರ ಹತ್ತಿರವೂ ಇರುತ್ತದೆ, ಆದ್ದರಿಂದ ಯಾರೋ ಒಬ್ಬರು ಹಳೆಯ ಲೆಕ್ಕ ತಿದ್ದಿದರೆ ಉಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಒಳ್ಳೆಯದೇ. ಆದರೆ ಮೊದಲೇ ಸುಳ್ಳು ಬರೆದಿದ್ದರೆ? ಪಕ್ಕದ ತೋಟದ ಹತ್ತು ಮೂಟೆಯನ್ನು ನನ್ನದೆಂದು ನಮೂದಿಸಿದರೆ ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ಬರೆದದ್ದು ನಿಜವಾ ಎಂದು ಪುಸ್ತಕ ಹೇಳುವುದಿಲ್ಲ. ನಿಮ್ಮ ತಂಡ ಸಂಶೋಧನೆ ಮಾಡಬೇಕಾದದ್ದು ಇದನ್ನೇ.

ಅದಕ್ಕೆ ತೂಕದ ಲೆಕ್ಕ ಒಂದು ದಾರಿ. ಸುಮಾರು 5–6 ಕೆ.ಜಿ. ಹಣ್ಣಿಗೆ 1 ಕೆ.ಜಿ. ಬೀಜ ಸಿಗುತ್ತದೆ, ತಳಿ ನೋಡಿಕೊಂಡು ಹೆಚ್ಚುಕಡಿಮೆ. ಎರಡು ಎಕರೆ ತೋಟದ ಹೆಸರಲ್ಲಿ ಇಪ್ಪತ್ತು ಎಕರೆಯ ಫಸಲು ಬಂದರೆ ವ್ಯವಸ್ಥೆ ಅಲ್ಲೇ ತಡೆಯಬೇಕು. ಆದರೆ ಎಲ್ಲಿಯವರೆಗೆ ಸರಿ, ಎಲ್ಲಿಂದ ಅನುಮಾನ ಎಂದು ಗೆರೆ ಎಳೆಯುವವರು ಯಾರು? ಮಳೆ, ತಳಿ, ತೋಟದ ವಯಸ್ಸು ಎಲ್ಲ ಗೊತ್ತಿರುವವರು. ಬಾಳೆಹೊನ್ನೂರಿನ ಹತ್ತಿರ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ, ಅಂಥವರ ಜೊತೆ ಕೂತು ಕಲಿಯಬೇಕು. ಪ್ರಯೋಗಾಲಯ ಇನ್ನೊಂದು ದಾರಿ. ಮಣ್ಣು, ನೀರು ಬದಲಾದಂತೆ ಬೀಜದಲ್ಲಿನ ಖನಿಜಾಂಶಗಳೂ ಬದಲಾಗುತ್ತವೆ, ಹಾಗಾಗಿ ಊರೂರಿನ ಮಾದರಿಗಳನ್ನು ಮೊದಲೇ ಸಂಗ್ರಹಿಸಿಟ್ಟಿದ್ದರೆ ಅನುಮಾನ ಬಂದ ಮೂಟೆಯನ್ನು ಅದರ ಜೊತೆ ಹೋಲಿಸಬಹುದು. ನಿಮ್ಮಲ್ಲಿ ಅಂಥ ಯಂತ್ರ ಇಲ್ಲದಿದ್ದರೆ ಚಿಂತೆ ಬೇಡ, ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ತರಹದ ಕಡೆ ಆಹಾರ ಪರೀಕ್ಷೆ ಬಲ್ಲವರು ಇದ್ದಾರೆ, ಕೇಳಿ ನೋಡಿ.

ಜಮೀನಿನ ವಿಷಯ ಇನ್ನೂ ಸೂಕ್ಷ್ಮ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ತೋಟ ಎಲ್ಲಿದೆ ಎಂದು ನಕ್ಷೆಯ ಸ್ಥಾನ ಸಮೇತ ತೋರಿಸಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ, ಆದರೂ ತಯಾರಿ ತಪ್ಪದು. ಕೊಡಗಿನಲ್ಲಿ ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಮ್ಮಾ ಜಾಗಗಳನ್ನು ನೆನಪಿಸಿಕೊಳ್ಳಿ. ಪಹಣಿಯಲ್ಲಿ ಹಿರಿಯರ ಹೆಸರು, ತೋಟ ನೋಡಿಕೊಳ್ಳುವವರು ಇನ್ನೊಬ್ಬರು, ಪಾಲುದಾರರು ಹಲವರು. ‘ಬೆಳೆಗಾರರ ಹೆಸರು’ ಎಂಬ ಒಂದೇ ಖಾನೆಯಲ್ಲಿ ಯಾರನ್ನು ಬರೆಯುತ್ತೀರಿ? ಕೋಡ್ ಬರೆಯುವ ಹುಡುಗ ಒಮ್ಮೆಯಾದರೂ ಆ ಮನೆಯ ಜಗಲಿಯಲ್ಲಿ ಕೂತು ಮಾತಾಡಿರಬೇಕು, ಅಲ್ವಾ?

ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಎಲ್ಲದಕ್ಕೂ ಬ್ಲಾಕ್‌ಚೈನ್ ಬೇಕಾಗಿಲ್ಲ. ಯುರೋಪಿಗೆ ಹೋಗುವ ದ್ರಾಕ್ಷಿಗೆ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಅಪೆಡಾ ಸಂಸ್ಥೆ 2006ರ ಹೊತ್ತಿಗೇ ಗ್ರೇಪ್‌ನೆಟ್ ಎಂಬ ಆನ್‌ಲೈನ್ ವ್ಯವಸ್ಥೆ ಕಟ್ಟಿತು. ತೋಟದ ನೋಂದಣಿ, ಕೀಟನಾಶಕದ ಉಳಿಕೆ ಪರೀಕ್ಷೆ, ರಫ್ತಿನ ಪ್ರಮಾಣಪತ್ರ ಎಲ್ಲ ಒಂದೇ ಕಡೆ, ಬ್ಲಾಕ್‌ಚೈನ್ ಇಲ್ಲದೆ. ಎಲ್ಲರೂ ನಂಬುವ ಒಂದು ಸಂಸ್ಥೆ ನಡುವೆ ಇದ್ದರೆ ಸಾಮಾನ್ಯ ಡೇಟಾಬೇಸ್ ಸಾಕು. ಅಮೆರಿಕದ ಅಂಗಡಿ ಸರಪಳಿ ವಾಲ್‌ಮಾರ್ಟ್‌ಗೆ ಮಾವಿನ ಹೋಳಿನ ಒಂದು ಪೊಟ್ಟಣದ ಮೂಲ ಹುಡುಕಲು ಸುಮಾರು 7 ದಿನ ಹಿಡಿಯುತ್ತಿದ್ದದ್ದು ಬ್ಲಾಕ್‌ಚೈನ್ ಪ್ರಯೋಗದಲ್ಲಿ 2.2 ಸೆಕೆಂಡಿಗೆ ಇಳಿಯಿತು ಎಂದು ಹೇಳುತ್ತಾರಲ್ಲ, ಅದರಲ್ಲಿ ದೊಡ್ಡ ಪಾಲು ಕಾಗದ ಹೋಗಿ ಕಂಪ್ಯೂಟರ್ ಬಂದಿದ್ದರದು ಎಂದು ನನ್ನ ಅಭಿಪ್ರಾಯ. ಇನ್ನು ಹಡಗು ಕಂಪನಿ ಮರ್ಸ್ಕ್ ಮತ್ತು ಕಂಪ್ಯೂಟರ್ ಕಂಪನಿ ಐಬಿಎಂ ಸೇರಿ ಹಡಗು ಸಾಗಣೆಗೆ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಮುಚ್ಚುವುದಾಗಿ 2022ರಲ್ಲಿ ಪ್ರಕಟಿಸಿದರು. ಉದ್ಯಮದ ಎಲ್ಲರೂ ಅದರೊಳಗೆ ಬರಲಿಲ್ಲ ಎಂಬುದು ಅವರೇ ಕೊಟ್ಟ ಕಾರಣ. ‘ಇಲ್ಲಿ ಯಾರಿಗೆ ಯಾರ ಮೇಲೆ ನಂಬಿಕೆ ಇಲ್ಲ’ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ನಿಮ್ಮ ತಂಡವೂ ‘ಬ್ಲಾಕ್‌ಚೈನ್ ಬೇಡ’ ಎಂದೇ ವರದಿ ಬರೆಯಲಿ. ಅದೂ ಸಂಶೋಧನೆಯೇ.

ತಂಡಕ್ಕೆ ಆರೇಳು ಜನ ಸಾಕು. ಕಂಪ್ಯೂಟರ್‌ನವರು ಇಬ್ಬರು, ಕೃಷಿ ಓದಿದವರೊಬ್ಬರು, ಆಹಾರ ಪರೀಕ್ಷೆ ಗೊತ್ತಿರುವವರೊಬ್ಬರು, ವ್ಯಾಪಾರದ ಲೆಕ್ಕ ಬಲ್ಲವರೊಬ್ಬರು, ಜೊತೆಗೆ ಬೆಳೆಗಾರರೊಬ್ಬರು. ಬೆಳೆಗಾರರನ್ನು ಸುಮ್ನೆ ಮಾಹಿತಿ ಕೊಡುವವರನ್ನಾಗಿ ನೋಡಬೇಡಿ. ಅವರ ಫಸಲೆಷ್ಟು, ಎಷ್ಟಕ್ಕೆ ಮಾರಿದರು ಎಂಬುದು ಕೊಳ್ಳುವವರಿಗೆಲ್ಲ ಕಾಣುವಂತಾದರೆ ಚೌಕಾಸಿಯಲ್ಲಿ ಸೋಲುವವರು ಅವರೇ. ಯಾರಿಗೆ ಏನು ಕಾಣಬೇಕು ಎಂದು ಅವರೇ ಹೇಳಲಿ, ಮೊಬೈಲಿನಲ್ಲಿ ನಮೂದಿಸುವ ಸಮಯಕ್ಕೂ ದುಡ್ಡು ಕೊಡಿ.

ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಅಷ್ಟರೊಳಗೆ ನಾಲ್ಕೈದು ಬೆಳೆಗಾರರು, ಒಬ್ಬ ವರ್ತಕರು, ಒಂದು ಕ್ಯೂರಿಂಗ್ ವರ್ಕ್ಸ್ ಒಪ್ಪಿದರೆ ಸಾಕು. ಮೊದಲ ವರ್ಷ ಕೋಡ್ ಬೇಡ. ಒಂದು ನೋಟ್‌ಬುಕ್, ಸರಿಯಾಗಿ ತೂಗುವ ಒಂದು ತಕ್ಕಡಿ ಹಿಡಿದು ಮೂಟೆಗಳ ಹಿಂದೆ ಹೋಗಿ, ಮೂಟೆ ಕೈ ಬದಲಿಸಿದ ಕಡೆಯಲ್ಲೆಲ್ಲ ಎರಡು ಸಲ ತೂಗಿ, ವ್ಯತ್ಯಾಸ ಎಲ್ಲಿ ಬಂತು ಎಂದು ಬರೆದುಕೊಳ್ಳಿ.