ಪ್ರಕಟಣೆಗಳ ಪಟ್ಟಿಯನ್ನು ಓದುವ ಬಗೆ: ವೃದ್ಧಾಪ್ಯ ಮತ್ತು ದೇಹಸಾಮರ್ಥ್ಯದ ಸಂಶೋಧನೆಯಿಂದ ಒಂದು ಉದಾಹರಣೆ

ರಾಯಚೂರು, ಕೊಪ್ಪಳ ಭಾಗದಲ್ಲಿ ಸಮುದಾಯ ವೈದ್ಯಶಾಸ್ತ್ರ, ನರ್ಸಿಂಗ್ ಅಥವಾ ಫಿಸಿಯೋಥೆರಪಿ ಓದುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಸಂಶೋಧಕರೊಬ್ಬರ ಪ್ರಕಟಣೆಗಳ ಪಟ್ಟಿಯನ್ನು ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಲೇಖನಗಳ ಸಂಖ್ಯೆ ಮತ್ತು ಎಚ್-ಸೂಚ್ಯಂಕ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಈ ಅಳತೆಯ ಪ್ರಕಾರ ಸೂಚ್ಯಂಕ 40 ಎಂದರೆ, ಕನಿಷ್ಠ 40 ಬಾರಿಯಾದರೂ ಉಲ್ಲೇಖಗೊಂಡ 40 ಲೇಖನಗಳು ಆ ವ್ಯಕ್ತಿಯ ಹೆಸರಿನಲ್ಲಿವೆ ಎಂದರ್ಥ. ಯಾವ ಪ್ರಶ್ನೆಯನ್ನು ಹಿಡಿದು ಅವರು ಇಷ್ಟು ವರ್ಷ ದುಡಿದರು ಎಂಬುದು ಆ ಅಂಕಿಯಿಂದ ತಿಳಿಯದು. ಅದಕ್ಕೆ ಲೇಖನಗಳನ್ನು ಕಾಲಕ್ರಮದಲ್ಲಿ ಜೋಡಿಸಿಕೊಂಡು ಓದಬೇಕು.

ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು, ಆನಂತರ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋದ ಜ್ಯಾಕ್ ಗುರಾಲ್ನಿಕ್ ಅವರ ಪಟ್ಟಿಯನ್ನು ಹೀಗೆ ಓದಬಹುದು. 1994ರ ಲೇಖನದಲ್ಲಿ ಅವರು ಮತ್ತು ಸಂಗಡಿಗರು 71 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ಮೂರು ಸರಳ ಪರೀಕ್ಷೆಗಳನ್ನು ನಡೆಸಿದ್ದನ್ನು ವರದಿ ಮಾಡಿದರು: ನಿಂತು ಸಮತೋಲನ ಕಾಯ್ದುಕೊಳ್ಳುವುದು, ಸ್ವಲ್ಪ ದೂರ ಎಂದಿನ ವೇಗದಲ್ಲಿ ನಡೆಯುವುದು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. ಒಂದೊಂದಕ್ಕೂ 0ರಿಂದ 4 ಅಂಕ, ಒಟ್ಟು 12. ಇದೇ ಇಂದು ಎಸ್‌ಪಿಪಿಬಿ (ಶಾರ್ಟ್ ಫಿಸಿಕಲ್ ಪರ್ಫಾರ್ಮೆನ್ಸ್ ಬ್ಯಾಟರಿ) ಎಂದು ಹೆಸರಾಗಿರುವ ಪರೀಕ್ಷೆ. ಮರುವರ್ಷ, 1995ರಲ್ಲಿ, ಅದೇ ಅಳತೆ ಮುಂದಿನದನ್ನು ಸೂಚಿಸಬಲ್ಲದೇ ಎಂಬ ಪ್ರಶ್ನೆ ಬಂತು. ಆರಂಭದಲ್ಲಿ ಯಾವ ಅಂಗವೈಕಲ್ಯವೂ ಇಲ್ಲದಿದ್ದವರನ್ನು ನಾಲ್ಕು ವರ್ಷಗಳ ನಂತರ ನೋಡಿದಾಗ, ಅತಿ ಕಡಿಮೆ ಅಂಕ ಪಡೆದಿದ್ದವರಲ್ಲಿ ಅಂಗವೈಕಲ್ಯದ ಸಾಧ್ಯತೆ ಅತಿ ಹೆಚ್ಚು ಅಂಕ ಪಡೆದಿದ್ದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಇನ್ನೂ ಆರೋಗ್ಯವಾಗಿ ಓಡಾಡಿಕೊಂಡಿರುವವರಲ್ಲೇ ಮುಂದಿನ ಅವಲಂಬನೆಯ ಸುಳಿವು ಸಿಗುತ್ತದೆ ಎಂಬ ಈ ಅಂಶವೇ ನನ್ನ ದೃಷ್ಟಿಯಲ್ಲಿ ಇಡೀ ಪಟ್ಟಿಯ ಜೀವಾಳ.

2000ದ ಲೇಖನವು ನಡಿಗೆಯ ವೇಗವೊಂದೇ ಪೂರ್ಣ ಪರೀಕ್ಷೆಗೆ ಹೆಚ್ಚುಕಡಿಮೆ ಸಮನಾಗಿ ಮುನ್ಸೂಚನೆ ನೀಡುತ್ತದೆ ಎಂದು ತೋರಿಸಿತು. 2011ರಲ್ಲಿ ಒಂಬತ್ತು ಅಧ್ಯಯನಗಳ 34,485 ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿ ನಡಿಗೆಯ ವೇಗಕ್ಕೂ ಆಯುಸ್ಸಿಗೂ ಇರುವ ನಂಟನ್ನು ಅಳೆದರು. 2014ರ ಲೈಫ್ ಅಧ್ಯಯನದಲ್ಲಿ ಪ್ರಶ್ನೆ ಕಡೆಗೂ ಚಿಕಿತ್ಸೆಯತ್ತ ತಿರುಗಿತು: 70ರಿಂದ 89 ವರ್ಷದ 1,635 ಜನರಲ್ಲಿ ಒಂದು ಗುಂಪಿಗೆ ಕ್ರಮಬದ್ಧ ನಡಿಗೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಆರೋಗ್ಯ ಶಿಕ್ಷಣ. ಸರಾಸರಿ 2.6 ವರ್ಷಗಳಲ್ಲಿ 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ವ್ಯಾಯಾಮದ ಗುಂಪಿನಲ್ಲಿ ಶೇ 30.1, ಮತ್ತೊಂದರಲ್ಲಿ ಶೇ 35.5. ಅಂತರ ಚಿಕ್ಕದೆನಿಸಬಹುದು, ಆದರೆ ಈ ವಯಸ್ಸಿನಲ್ಲಿ ಸ್ವಂತ ಕಾಲಿನ ಮೇಲೆ ಅಂಗಡಿಗೋ ಗುಡಿಗೋ ಹೋಗಿಬರುವುದು ಎಷ್ಟು ದೊಡ್ಡ ಸ್ವಾತಂತ್ರ್ಯ ಎಂಬುದನ್ನು ಮನೆಯ ಹಿರಿಯರನ್ನು ನೋಡಿದವರು ಬಲ್ಲರು.

ಹೆಸರುಗಳ ಕ್ರಮವನ್ನೂ ಗಮನಿಸಿ. ವೈದ್ಯಕೀಯ ಲೇಖನಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸದ ಮುಖ್ಯ ಭಾರ ಹೊತ್ತವರದು, ಕೊನೆಯದು ಮಾರ್ಗದರ್ಶನ ನೀಡಿದ ಹಿರಿಯರದು. 1994, 1995ರಲ್ಲಿ ಗುರಾಲ್ನಿಕ್ ಮೊದಲಿಗರು, 2011ರಲ್ಲಿ ಕೊನೆಯವರು.

ನಮ್ಮ ಜಿಲ್ಲೆಗಳಿಗೆ ಇದನ್ನು ಅನ್ವಯಿಸುವಾಗ ಎಚ್ಚರ ಬೇಕು. ಸಿಂಧನೂರಿನ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುತ್ತ ಬೆನ್ನು ಬಾಗಿಸಿ ಬದುಕಿದ, ಕುರ್ಚಿಗಿಂತ ನೆಲದ ಮೇಲೆ ಕೂತೇ ರೂಢಿಯಿರುವ ಅಜ್ಜಿಯೊಬ್ಬರಿಗೆ ಕುರ್ಚಿಯ ಪರೀಕ್ಷೆ ಹೊಸದು. ಜೊತೆಗೆ ರಾಯಚೂರು, ಕೊಪ್ಪಳದ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಬಹುಕಾಲ ಅಂಥ ನೀರು ಕುಡಿದವರಲ್ಲಿ ಬೆನ್ನುಮೂಳೆ, ಕೀಲುಗಳು ಬಿಗಿಯಾಗುತ್ತವೆ. ಹೀಗಾಗಿ ನಿಧಾನ ನಡಿಗೆಗೆ ಕಾರಣ ವಯಸ್ಸೋ ನೀರೋ ಎಂಬ ಪ್ರಶ್ನೆಗೆ ಅಮೆರಿಕದ ಬಾಸ್ಟನ್ ಅಥವಾ ಅಯೋವಾದ ಹಿರಿಯರಿಂದ ಬಂದ ಈ ಅಂಕಿಗಳು ಉತ್ತರ ನೀಡಲಾರವು. ಭಾರತದ ಮಾಹಿತಿ ಬೇಕೆನ್ನುವವರು 2017–18ರಲ್ಲಿ 45 ವರ್ಷ ಮತ್ತು ಮೇಲ್ಪಟ್ಟವರು ಹಾಗೂ ಅವರ ಬಾಳಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿದ ಲಾಸಿ (ಭಾರತದ ವೃದ್ಧಾಪ್ಯದ ದೀರ್ಘಾವಧಿ ಅಧ್ಯಯನ) ಸಮೀಕ್ಷೆಯಿಂದ ಆರಂಭಿಸಬಹುದು. ಹಿಡಿತದ ಬಲ, ಸಮತೋಲನ ಮತ್ತು ನಡಿಗೆಯ ವೇಗವನ್ನು ಅದರಲ್ಲಿಯೂ ಅಳೆಯಲಾಗಿದೆ.