ರೇಸ್ ಬುಕ್ಕಿನಲ್ಲಿ ನಾನು ಮೊದಲು ಹೊಡೆದುಹಾಕುವ ಕುದುರೆಗಳು

ಶುಕ್ರವಾರ ಸಂಜೆ ತುಮಕೂರಿನ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಕೆಲವರ ಜತೆ ನಾಯಿಯೂ ಇರುವುದಿಲ್ಲ, ಬೆಕ್ಕೂ ಇರುವುದಿಲ್ಲ. ಕೈಯಲ್ಲಿ ಮರುದಿನ ಓಡುವ ಕುದುರೆಗಳ ವಿವರವಿರುವ ಮಡಚಿದ ರೇಸ್ ಬುಕ್ಕು ಮಾತ್ರ ಇರುತ್ತದೆ. ಪಶುವೈದ್ಯನಾಗಿ ಕುಣಿಗಲ್ ಸೀಮೆಯಲ್ಲಿ ವರ್ಷಗಟ್ಟಲೆ ಕುದುರೆ ಮರಿಗಳ ಕಾಲು ಹಿಡಿದು ನೋಡಿದವನು, ಆಮೇಲೆ ಬೆಂಗಳೂರಿನ ಲಾಯಗಳಿಗೂ ಹೋಗಿಬಂದವನು ಎಂಬ ಕಾರಣಕ್ಕೆ ನನ್ನ ಬಾಯಿಂದ ಒಂದು ನಂಬರು ಉದುರಲೇಬೇಕೆಂಬುದು ಅವರ ನಿರೀಕ್ಷೆ. ‘ಡಾಕ್ಟ್ರೇ, ನಾಳೆ ಮೂರನೇ ರೇಸಲ್ಲಿ ಯಾವ್ದು ಬರುತ್ತೆ?’ ಎಂದು ಕೇಳಿದವರಿಗೆ, ‘ಯಾವುದು ಬರಲ್ಲ ಅಂತ ಮೊದಲು ನೋಡೋಣ, ಕೂತ್ಕೊಳ್ಳಿ’ ಎನ್ನುತ್ತೇನೆ. ಅರ್ಧ ಜನ ಅಲ್ಲಿಗೇ ಆಸಕ್ತಿ ಕಳೆದುಕೊಳ್ಳುತ್ತಾರೆ. ಉಳಿದ ಅರ್ಧ ಜನರಿಗಾಗಿ ಈ ಬರಹ.

ರೇಸ್ ಬುಕ್ಕು ತೆರೆದವರ ಕಣ್ಣು ಮೊದಲು ಹೋಗುವುದು ಹಿಂದಿನ ಓಟಗಳ ಸ್ಥಾನದ ಕಡೆಗೆ. 1, 2, 1 ಎಂದು ಕಂಡರೆ ಮುಖ ಅರಳುತ್ತದೆ, 6, 8, 7 ಎಂದಿದ್ದರೆ ಪುಟ ಮಗುಚುತ್ತಾರೆ. ನನ್ನ ಅನುಭವದಲ್ಲಿ ಇಡೀ ಬುಕ್ಕಿನಲ್ಲಿ ಅತಿ ಹೆಚ್ಚು ಮೋಸ ಮಾಡುವ ಅಂಕಿ ಇದೇ. ನಮ್ಮಲ್ಲಿ ನಡೆಯುವ ರೇಸುಗಳಲ್ಲಿ ಬಹುಪಾಲು ಹ್ಯಾಂಡಿಕ್ಯಾಪ್ ರೇಸುಗಳು. ಪ್ರತಿ ಕುದುರೆಗೂ ಒಂದು ರೇಟಿಂಗ್ ಇರುತ್ತದೆ. ಆ ರೇಟಿಂಗಿಗೆ ತಕ್ಕಂತೆ ಅದು ಯಾವ ಕ್ಲಾಸಿನಲ್ಲಿ ಓಡಬೇಕು, ಬೆನ್ನ ಮೇಲೆ ಎಷ್ಟು ತೂಕ ಹೊರಬೇಕು ಎಂಬುದು ನಿರ್ಧಾರವಾಗುತ್ತದೆ. ರೇಟಿಂಗ್ ಒಂದು ಅಂಕ ಏರಿದರೆ ತೂಕ ಅರ್ಧ ಕಿಲೋ ಹೆಚ್ಚುತ್ತದೆ. ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಸೋತು ಸೋತು ಸುಸ್ತಾದ ಕುದುರೆಯದು ಇಳಿಯುತ್ತದೆ. ಎಲ್ಲವೂ ಒಂದೇ ಗೆರೆಯಲ್ಲಿ ಬಂದು ಮುಟ್ಟುವಂತೆ ಮಾಡುವುದೇ ಈ ತೂಕ ಗೊತ್ತುಮಾಡುವ ಹ್ಯಾಂಡಿಕ್ಯಾಪರನ ಕೆಲಸವಾದ್ದರಿಂದ, ಕಳೆದ ಸಲ ಗೆದ್ದದ್ದು ಈ ಸಲ ಗೆಲ್ಲುವುದಕ್ಕೆ ಕಾರಣವಾಗುವುದಕ್ಕಿಂತ ಅಡ್ಡಿಯಾಗುವುದೇ ಹೆಚ್ಚು.

ಒಂದು ಲೆಕ್ಕ ನೋಡಿ. ಹದಿನೈದು ದಿನದ ಹಿಂದೆ 1200 ಮೀಟರ್ ರೇಸಿನಲ್ಲಿ ‘ಅ’ ಎಂಬ ಕುದುರೆ 53 ಕಿಲೋ ಹೊತ್ತು ಗೆದ್ದಿತು ಎಂದುಕೊಳ್ಳೋಣ. 57 ಕಿಲೋ ಹೊತ್ತ ‘ಬ’ ಒಂದು ಲೆಂಗ್ತ್ ಹಿಂದೆ, ಅಂದರೆ ಒಂದು ಕುದುರೆಯ ಉದ್ದದಷ್ಟು, ಸುಮಾರು 2.4 ಮೀಟರ್ ಹಿಂದೆ, ಎರಡನೆಯದಾಗಿ ಬಂತು. ಈಗ ಅವೆರಡೂ ಅದೇ ದೂರಕ್ಕೆ ಮತ್ತೆ ಎದುರಾಗಿವೆ. ಗೆದ್ದದ್ದಕ್ಕೆ ‘ಅ’ದ ರೇಟಿಂಗ್ 7 ಅಂಕ ಏರಿದೆ, ‘ಬ’ದ್ದು 2 ಅಂಕ ಮಾತ್ರ. ಹಿಂದೆ ನಾಲ್ಕು ಕಿಲೋ ಇದ್ದ ಅಂತರ ಈಗ ಒಂದೂವರೆ ಕಿಲೋಗೆ ಇಳಿದಿದೆ. ‘ಬ’ಗೆ ಎರಡೂವರೆ ಕಿಲೋ ಲಾಭವಾಗಿದೆ. ಸಣ್ಣ ದೂರದ ಓಟದಲ್ಲಿ ಒಂದು ಲೆಂಗ್ತ್ ಎಂದರೆ ಸುಮಾರು ಒಂದೂವರೆ ಕಿಲೋ ಎಂಬುದು ಈ ಕಸುಬಿನವರ ರೂಢಿಯ ಅಳತೆ, 1600 ಮೀಟರಿಗೆ ಅದು ಸುಮಾರು ಒಂದು ಕಿಲೋ. ಈ ಅಳತೆಯಲ್ಲಿ ಕಳೆದ ಸಲ ಸೋತ ‘ಬ’ ಈಗ ಕಾಗದದ ಮೇಲೆ ಮುಂದಿದೆ. ಆದರೆ ‘ಅ’ ಕಳೆದ ಸಲ ಜಾಕಿ ಲಗಾಮು ಹಿಡಿದು ತಡೆಯುತ್ತಿರುವಾಗಲೇ ಗೆದ್ದಿದ್ದರೆ ಆ ಒಂದು ಲೆಂಗ್ತಿಗೆ ಅರ್ಥವಿಲ್ಲ, ಇಡೀ ಲೆಕ್ಕವೇ ಬಿದ್ದುಹೋಗುತ್ತದೆ. ಹಾಗಾಗಿ ವಿಡಿಯೊ ನೋಡದೆ ನಾನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ.

ವಿಡಿಯೊದಲ್ಲಿ ಗೆದ್ದ ಕುದುರೆಯನ್ನು ನೋಡುತ್ತ ಕೂರುವುದು ಸಮಯ ಹಾಳು. ನಾಲ್ಕನೆಯದಾಗಿ, ಆರನೆಯದಾಗಿ ಬಂದವನ್ನು ನೋಡಬೇಕು. ಗೇಟಿನಿಂದ ತಡವಾಗಿ ಹೊರಟಿತೇ, ತಿರುವಿನಲ್ಲಿ ಮೂರು ಕುದುರೆಗಳಾಚೆ ಸುತ್ತು ಹಾಕಿ ಬಂತೇ, ಕೊನೆಯ 200 ಮೀಟರಿನಲ್ಲಿ ದಾರಿ ಸಿಗದೆ ಜಾಕಿ ಎದ್ದು ನಿಂತು ತಡೆಯಬೇಕಾಯಿತೇ ಎಂಬುದೆಲ್ಲ ಸ್ಥಾನದ ಅಂಕಿಯಲ್ಲಿ ಕಾಣುವುದಿಲ್ಲ.

ತೂಕದ ನಂತರ ನಾನು ನೋಡುವುದು ರೇಸು ಹೇಗೆ ನಡೆದೀತು ಎಂಬುದನ್ನು. ಕುದುರೆಗಳಲ್ಲಿ ಮುಂದೆ ಓಡಿಯೇ ಗೆಲ್ಲುವ ಜಾತಿ ಒಂದು, ಹಿಂದೆ ಕಾದಿದ್ದು ಕೊನೆಯಲ್ಲಿ ನುಗ್ಗುವ ಜಾತಿ ಇನ್ನೊಂದು. ಪಟ್ಟಿಯಲ್ಲಿ ಮುಂದೋಟದ ಕುದುರೆಗಳೆಷ್ಟು ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ನಾಲ್ಕು ಇದ್ದರೆ ಅವು ಮೊದಲ 600 ಮೀಟರಿನಲ್ಲಿ ಒಂದನ್ನೊಂದು ಕೆಣಕಿ ಉಸಿರು ಕಳೆದುಕೊಳ್ಳುತ್ತವೆ, ಹಿಂದಿನವುಗಳಿಗೆ ಸುಗ್ಗಿ. ಒಂದೇ ಒಂದು ಇದ್ದರೆ, ಅದರ ರೇಟಿಂಗ್ ಕಡಿಮೆಯಿದ್ದರೂ, ತನಗೆ ಬೇಕಾದ ವೇಗದಲ್ಲಿ ಓಡಿ, ಯಾರೂ ಕೆಣಕದೆ, ತಿರುವಿನಲ್ಲಿ ಉಸಿರೆಳೆದುಕೊಂಡು ಕೊನೆಗೆ ಕೈಗೆ ಸಿಗದೆ ಹೋಗಬಹುದು. ಬೆಂಗಳೂರಿನ ಟ್ರ್ಯಾಕು ಹಾಸಿದ ಚಾಪೆಯ ಹಾಗೆ ಸಮತಟ್ಟಾಗಿಲ್ಲ, ಏರಿಳಿತವಿದೆ. ಮೈಸೂರಿನಲ್ಲಿ ಚೆನ್ನಾಗಿ ಓಡಿದ ಕುದುರೆ ಇಲ್ಲಿ ಮೊದಲ ಸಲಕ್ಕೆ ತಬ್ಬಿಬ್ಬಾಗುವುದನ್ನು ಹಲವು ಸಲ ಕಂಡಿದ್ದೇನೆ. ಮಳೆ ಬಿದ್ದ ವಾರ ಪೆನೆಟ್ರೋಮೀಟರ್ ರೀಡಿಂಗನ್ನೂ ನೋಡಬೇಕು. ತೂಕ ಕಟ್ಟಿದ ಸರಳೊಂದನ್ನು ನೆಲದ ಮೇಲೆ ಬಿಟ್ಟು ಎಷ್ಟು ಆಳಕ್ಕೆ ಇಳಿಯಿತೆಂದು ಅಳೆಯುವ ಸಾಧನ ಅದು. ಅಂಕಿ ಹೆಚ್ಚಾದಷ್ಟೂ ನೆಲ ಮೆತ್ತಗೆ. ಗೊರಸು ಹೂತುಹೋಗುವ ನೆಲದಲ್ಲಿ ಚುರುಕು ಹೆಜ್ಜೆಯ ಹಗುರ ಕುದುರೆಗಳು ಒದ್ದಾಡುತ್ತವೆ.

ಎಳೆಯ ಕುದುರೆಗಳ ವಿಷಯಕ್ಕೆ ಬಂದರೆ ಕುಣಿಗಲ್ ನನಗೆ ಕಲಿಸಿದ ಪಾಠವೊಂದಿದೆ. ಟಿಪ್ಪುವಿನ ಕಾಲದಲ್ಲಿ ಅಶ್ವದಳಕ್ಕಾಗಿ ಕುದುರೆ ಸಾಕುತ್ತಿದ್ದ ಜಾಗ ಅದು; 1992ರಲ್ಲಿ ಸರ್ಕಾರ ಅಲ್ಲಿನ ಕುದುರೆ ಫಾರಮ್ಮನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ಭಾರತದಲ್ಲಿ ರೇಸ್ ಕುದುರೆಗಳಿಗೆಲ್ಲ ವಯಸ್ಸು ಏರುವುದು ಜನವರಿ 1ರಂದು, ಅದು ಹುಟ್ಟಿದ ದಿನ ಯಾವುದೇ ಇರಲಿ. ಜನವರಿಯಲ್ಲಿ ಹುಟ್ಟಿದ ಮರಿಯೂ ಏಪ್ರಿಲ್ ಕೊನೆಯಲ್ಲಿ ಹುಟ್ಟಿದ ಮರಿಯೂ ರೇಸ್ ಬುಕ್ಕಿನಲ್ಲಿ ಒಂದೇ ವಯಸ್ಸಿನವು. ಹುಟ್ಟುವಾಗ ಸುಮಾರು 50 ಕಿಲೋ ತೂಗುವ ಮರಿ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ಬೆಳೆಯುತ್ತದೆ. ಏಪ್ರಿಲ್ ಮರಿ ನಡುಗುವ ಕಾಲೂರಿ ಏಳಲು ಹೆಣಗುತ್ತಿರುವಾಗ ಜನವರಿ ಮರಿ ಅದೇ ಬಯಲಿನಲ್ಲಿ ತಾಯಿಯನ್ನು ಬಿಟ್ಟು ಬೇಲಿಯವರೆಗೆ ಓಡಿ ಬಂದಿರುತ್ತದೆ. ಮುಂಗಾಲಿನ ಮಂಡಿಯ ಮೇಲಿನ ಎಲುಬಿನಲ್ಲಿರುವ ಬೆಳವಣಿಗೆಯ ಪದರ ಗಟ್ಟಿಯಾಗಿ ಕೂಡಿಕೊಳ್ಳಲು ಎರಡರಿಂದ ಎರಡೂವರೆ ವರ್ಷ ಬೇಕು. ಹೀಗಾಗಿ ಎರಡು ವರ್ಷದ ಕುದುರೆಗಳ ರೇಸಿನಲ್ಲಿ ತಡವಾಗಿ ಹುಟ್ಟಿದ್ದು ಐದನೆಯದಾಗಿ ಬಂದರೆ ನಾನದನ್ನು ಕ್ಷಮಿಸುತ್ತೇನೆ, ಮುಂದಿನ ವರ್ಷಕ್ಕೆಂದು ಹೆಸರು ಬರೆದಿಟ್ಟುಕೊಳ್ಳುತ್ತೇನೆ. ಮೂರೂವರೆ ದಾಟಿದ ಮೇಲೆ ಹುಟ್ಟಿದ ತಿಂಗಳು ಹಿಡಿದು ಸಬೂಬು ಹೇಳುವ ಟ್ರೇನರನ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಬೆಳಗಿನ ಟ್ರ್ಯಾಕ್ ವರ್ಕಿನ, ಅಂದರೆ ತಾಲೀಮಿನ ಓಟದ, ಟೈಮಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಡೆದು ಓಡಿಸಿ 40 ಸೆಕೆಂಡಿನಲ್ಲಿ ಮುಗಿಸಿದ 600 ಮೀಟರಿಗಿಂತ, ಲಗಾಮು ಬಿಗಿ ಹಿಡಿದು 42 ಸೆಕೆಂಡಿನಲ್ಲಿ ಮುಗಿಸಿದ್ದು ಮೇಲು. ಯಾರು ಹತ್ತಿದ್ದರು, ಯಾವ ಟ್ರ್ಯಾಕು, ಪಕ್ಕದಲ್ಲಿ ಓಡಿದ ಕುದುರೆ ಎಂಥದ್ದು ಎಂಬುದು ಗೊತ್ತಿಲ್ಲದಿದ್ದರೆ ಆ ಅಂಕಿಯಿಂದ ಉಪಯೋಗವಿಲ್ಲ. ರೇಸ್ ಬುಕ್ಕಿನಲ್ಲಿ ಜನ ಗಮನಿಸದ ಒಂದಕ್ಷರ ಅದಕ್ಕಿಂತ ಹೆಚ್ಚು ಹೇಳುತ್ತದೆ: ಅಲ್ಯೂಮಿನಿಯಂ ಲಾಳಕ್ಕೆ ‘ಎ’, ಉಕ್ಕಿನ ಲಾಳಕ್ಕೆ ‘ಎಸ್’. ಉಕ್ಕಿನದು ಭಾರ, ತಾಲೀಮಿಗೆ ತಕ್ಕದ್ದು, ಅಲ್ಯೂಮಿನಿಯಂ ಹಗುರ. ಮೂರು ರೇಸು ಉಕ್ಕಿನಲ್ಲಿ ಓಡಿ ನಾಲ್ಕನೆಯದಕ್ಕೆ ಲಾಳ ಬದಲಿಸಿಕೊಂಡು ಬಂದ ಕುದುರೆಯನ್ನು ಕಂಡರೆ ಅದರ ಲಾಯದವರ ಮನಸ್ಸಿನಲ್ಲಿ ಏನೋ ಇದೆ ಎಂದು ನಾನು ನಿಂತು ನೋಡುತ್ತೇನೆ. ಅಕ್ಕಪಕ್ಕದ ನೋಟ ಮರೆಮಾಡುವ ಕಣ್ಣುಕಾಪು, ಬ್ಲಿಂಕರನ್ನು, ಮೊದಲ ಸಲ ಹಾಕಿದಾಗಲೂ ಅಷ್ಟೇ.

ಇಷ್ಟೆಲ್ಲ ಆದ ಮೇಲೆ ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಆವರಣ, ಪ್ಯಾಡಕ್, ಉಳಿಯುತ್ತದೆ, ನನ್ನ ಕಸುಬಿನ ಕಣ್ಣು ಕೆಲಸಕ್ಕೆ ಬರುವುದು ಅಲ್ಲಿ. ಕುದುರೆ ನೋಡಿಕೊಳ್ಳುವ ಸೈಸ್ ಅದನ್ನು ನಡೆಸಿಕೊಂಡು ಬರುವಾಗ ಮುಂಗಾಲು ಬಿಟ್ಟ ಗುರುತನ್ನು ದಾಟಿ ಹಿಂಗಾಲು ಊರುತ್ತದೆಯೇ ಎಂದು ನೋಡಬೇಕು. ದಾಟಿದರೆ ಮೈ ಸಡಿಲವಾಗಿದೆ ಎಂದರ್ಥ. ಹಿಂದೊಡೆಗಳ ನಡುವೆ ಸಾಬೂನಿನಂತೆ ನೊರೆಗಟ್ಟಿದ್ದರೆ ಅದು ರೇಸಿಗೆ ಮೊದಲೇ ಅರ್ಧ ಓಡಿಯಾಗಿದೆ. ಕೆಲವು ವರ್ಷಗಳ ಹಿಂದೆ ನಾನು ಪತ್ರಿಕೆಗೆ ಬರೆದು ಕೊಟ್ಟ ಆಯ್ಕೆಯೊಂದು ಪ್ಯಾಡಕ್ಕಿಗೆ ಬಂದಾಗ ಬಲಗಡೆಯ ಮುಂಗಾಲನ್ನು ಒಂದು ಗೇಣು ಮೊದಲೇ ಊರುತ್ತಿತ್ತು. ಕುಂಟು ಎನ್ನುವಷ್ಟಿರಲಿಲ್ಲ, ಆದರೆ ನನಗೆ ಕಂಡಿತು. ಅಚ್ಚಾದ ಮಾತನ್ನು ತಿಂದುಕೊಳ್ಳಲು ಮನಸ್ಸಾಗದೆ ಪಕ್ಕದಲ್ಲಿದ್ದವರಿಗೂ ಅದನ್ನೇ ಹೇಳಿದೆ. ಕುದುರೆ ಕೊನೆಯದಾಗಿ ಬಂತು, ಪಕ್ಕದಲ್ಲಿದ್ದವರು ಮಾತು ಬಿಟ್ಟರು. ಅಂದಿನಿಂದ ಪ್ರತಿ ಆಯ್ಕೆಯ ಕೆಳಗೆ ಎರಡನೆಯ ಹೆಸರನ್ನೂ ಬರೆಯುತ್ತೇನೆ.

ಎಂಟು ರೇಸಿನ ಕಾರ್ಡಿನಲ್ಲಿ ನಾನು ಹೆಸರು ಕೊಡುವುದು ಹೆಚ್ಚೆಂದರೆ ಮೂರಕ್ಕೆ. ಒಮ್ಮೆಯೂ ಓಡದ ಕುದುರೆಗಳೇ ತುಂಬಿರುವ ರೇಸು, ಐದನೇ ಕ್ಲಾಸಿನ ಹಳೆಯ ಹುಲಿಗಳ ರೇಸು ಇವನ್ನು ಮುಟ್ಟುವುದಿಲ್ಲ. ಕುದುರೆ ರೇಸು ಕೌಶಲದ ಆಟವೇ ಹೊರತು ಬರಿಯ ಅದೃಷ್ಟದ್ದಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ನಿಜ, ಆದರೆ ಕೌಶಲ ಅಳೆದುನೋಡಿದವನಿಗೆ ಸೇರಿದ್ದು. ಎಂಟಕ್ಕೆ ಎಂಟೂ ರೇಸಿನಲ್ಲಿ ಕುದುರೆ ಬಾಲಕ್ಕೆ ದುಡ್ಡು ಕಟ್ಟುವವನಿಗಲ್ಲ. ಅದೂ 2025ರ ಸೆಪ್ಟೆಂಬರ್ 22ರಿಂದ ಬಾಜಿಯ ಮೇಲಿನ ಜಿಎಸ್‌ಟಿ ಶೇ 40ಕ್ಕೆ ಏರಿದ ಮೇಲೆ, ಎಲ್ಲರೂ ಮುಗಿಬಿದ್ದ ಫೇವರಿಟ್ ಗೆದ್ದರೂ ಕೈಗೆ ಉಳಿಯುವುದು ಎಷ್ಟೆಂದು ಕೂಡಿಸಿ ನೋಡಿದವರಿಗೇ ಗೊತ್ತು.

ಮೊನ್ನೆ ಹೀಗೇ ಒಬ್ಬರು ಬಂದು ಕೂತರು. 1200 ಮೀಟರ್, ನಾಲ್ಕನೇ ಕ್ಲಾಸು, ಹನ್ನೊಂದು ಕುದುರೆ. ಕಳೆದ ಸಲ ಗೆದ್ದು ತೂಕ ಏರಿಸಿಕೊಂಡ ಎರಡು ಕುದುರೆ ಪಟ್ಟಿಯಿಂದ ಮೊದಲು ಹೋದವು. 1600ರಲ್ಲಿ ಮಾತ್ರ ಓಡಿ ಗೊತ್ತಿದ್ದ ಮೂರು ಹೋದವು. ಮುಂದೋಟದ ಮೂರನ್ನು, ತಮ್ಮತಮ್ಮಲ್ಲೇ ಕಾದಾಡಿ ಕೆಡುತ್ತವೆಂದು, ಒಟ್ಟಿಗೆ ಹೊಡೆದುಹಾಕಿದೆ. ಉಕ್ಕಿನ ಲಾಳದ್ದೊಂದು ಹೋಯಿತು. ಉಳಿದದ್ದು ಎರಡು. ‘ಪ್ಯಾಡಕ್ಕಲ್ಲಿ ನೋಡಿ ಆರಿಸಿಕೊಳ್ಳಿ’ ಎಂದೆ. ‘ಅಲ್ಲೀವರೆಗೂ ಕಾಯೋರು ಯಾರು ಡಾಕ್ಟ್ರೇ, ಇಲ್ಲೇ ಒಂದು ಹೇಳ್ಬಿಡಿ’ ಎಂದರು. ಹೇಳಿದೆ. ಅದು ಎರಡನೆಯದಾಗಿ ಬಂತು. ಗೆದ್ದದ್ದು ನಾನು ಹೊಡೆದುಹಾಕಿದ್ದ ಮುಂದೋಟದ ಕುದುರೆಗಳಲ್ಲಿ ಒಂದು. ಸೋಮವಾರ ವಿಡಿಯೊ ಹಾಕಿ ನೋಡಿದರೆ, ಉಳಿದೆರಡು ಗೇಟಿನಲ್ಲೇ ತಡವರಿಸಿ ಹಿಂದೆ ಬಿದ್ದಿದ್ದವು. ಅದು ಒಂದೇ ಮುಂದೆ, ಯಾರೂ ಕೆಣಕದೆ, ಕೊನೆಯವರೆಗೂ ಓಡಿತ್ತು.