ನರಿ ಹೊಟ್ಟೆಯ ಹುಳು ಪತ್ತೆಹಚ್ಚೋದು ಯಾಕಿಷ್ಟು ಕಷ್ಟ?

ಲಾಡಿಹುಳು ಅಂದ ತಕ್ಷಣ ಮೀಟರುಗಟ್ಟಲೆ ಉದ್ದದ್ದು ನೆನಪಾಗುತ್ತದೆ, ಅಲ್ವಾ? ಆದರೆ ನರಿ ಹೊಟ್ಟೆಯ ಲಾಡಿಹುಳು ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್ ಅರ್ಧ ಸೆಂಟಿಮೀಟರೂ ಇರುವುದಿಲ್ಲ. ನರಿ, ಕಯೋಟಿ, ತೋಳಗಳ ಕರುಳಲ್ಲಿ ಸಾವಿರಾರು ಹುಳು ಇದ್ದರೂ ಆ ಪ್ರಾಣಿಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ. ಆದರೆ ಇದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಮರಿಹುಳು ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆಯ ಥರ ಹಬ್ಬುತ್ತದೆ, ಅದೂ ಗೊತ್ತಾಗುವ ಹೊತ್ತಿಗೆ 5ರಿಂದ 15 ವರ್ಷ ಕಳೆದಿರುತ್ತದೆ. ಹಾಗಾಗಿ ನರಿಯನ್ನು ಪರೀಕ್ಷೆ ಮಾಡುವುದು ನಮಗೋಸ್ಕರ.

ಮೊದಲು ವೈದ್ಯರೂ ಇದನ್ನು ಕ್ಯಾನ್ಸರ್ ಅಂತಲೇ ತಿಳಿದಿದ್ದರು. 1850ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಇದು ಪರಾವಲಂಬಿಯ ಕೆಲಸ ಎಂದು ತೋರಿಸಿದರು. ಹುಳು ನರಿಯಿಂದ ಸಣ್ಣ ಇಲಿಗಳಿಗೆ, ಇಲಿ ತಿಂದ ನರಿಗೆ ವಾಪಸ್ ಹೋಗುವ ಚಕ್ರ ಪಕ್ಕಾ ಆಗುವುದಕ್ಕೆ ಇನ್ನೂ ನೂರು ವರ್ಷ ಬೇಕಾಯಿತು. ಅಲಾಸ್ಕಾದಲ್ಲಿ ರೌಶ್ ಮತ್ತು ಶಿಲ್ಲರ್, ಜರ್ಮನಿಯಲ್ಲಿ ವೋಗೆಲ್ ಎಂಬ ಸಂಶೋಧಕರು 1950ರ ದಶಕದಲ್ಲಿ ಅದನ್ನು ಬಿಡಿಸಿದರು.

ಸರಿ, ಯಾವ ನರಿಯಲ್ಲಿ ಹುಳು ಇದೆ ಅಂತ ತಿಳಿಯುವುದು ಹೇಗೆ? ಹಿಕ್ಕೆಯಲ್ಲಿನ ಮೊಟ್ಟೆ ನೋಡಿದರೆ ಸಾಕು ಅನಿಸುತ್ತದೆ. ಆದರೆ ಅಷ್ಟೇನೂ ಅಪಾಯವಿಲ್ಲದ ಬೇರೆ ಲಾಡಿಹುಳುಗಳ ಮೊಟ್ಟೆಯೂ ಮೈಕ್ರೋಸ್ಕೋಪ್‌ನಲ್ಲಿ ಥೇಟ್ ಹೀಗೇ ಕಾಣುತ್ತದೆ. ನಾಯಿಗಾದರೆ ಅಡಿಕೆಯಲ್ಲಿರುವ ಅರೆಕೋಲಿನ್ ಕೊಟ್ಟು ಭೇದಿ ಮಾಡಿಸಿ ಹುಳು ಹುಡುಕುತ್ತಿದ್ದರು. ಕಾಡಿನ ನರಿಗೆ ಅದು ಆಗುವ ಮಾತಲ್ಲ. ಹಾಗಾಗಿ ಸತ್ತ ನರಿಯೇ ಬೇಕಾಯಿತು. ಮೊಟ್ಟೆ ಮಾಮೂಲಿ ಫ್ರೀಜರಿನ ಚಳಿಗೆ ಸಾಯುವುದಿಲ್ಲ, ಅದಕ್ಕೆ ಮೊದಲು ಮೈನಸ್ 80 ಡಿಗ್ರಿಯಲ್ಲಿ ಕೆಲವು ದಿನ ಇಡುತ್ತಾರೆ. ಆಮೇಲೆ ಕರುಳು ಸೀಳಿ, ಉಪ್ಪುನೀರಲ್ಲಿ ಅಲುಗಿಸಿ, ತಳ ಕಟ್ಟಲು ಬಿಟ್ಟು, ಮೇಲಿನ ನೀರು ಚೆಲ್ಲಿ, ನೀರು ತಿಳಿಯಾಗುವವರೆಗೂ ಇದನ್ನೇ ಮಾಡಿ, ಕೊನೆಗೆ ತಳದಲ್ಲಿ ಉಳಿದ ಹುಳುಗಳನ್ನು ಎಣಿಸುವುದು. ಇವತ್ತಿಗೂ ಇಷ್ಟು ನಂಬಿಕಸ್ತ ವಿಧಾನ ಇನ್ನೊಂದಿಲ್ಲ. ಆದರೆ ಸಿಕ್ಕಾಪಟ್ಟೆ ನಿಧಾನ.

ಈ ನಡುವೆ ನರಿಗಳೇ ಜಾಸ್ತಿಯಾದವು. 1978ರಲ್ಲಿ ಸ್ವಿಟ್ಜರ್ಲೆಂಡ್ ನರಿಗಳಿಗೆ ತಿಂಡಿಯಲ್ಲಿ ರೇಬೀಸ್ ಲಸಿಕೆ ಇಡಲು ಶುರು ಮಾಡಿತು, ಯುರೋಪಿನ ಬೇರೆ ದೇಶಗಳೂ ಹಿಂದೆ ಬಂದವು. ರೇಬೀಸ್ ಇಳಿಯಿತು, ನರಿ ಊರೊಳಗೆ ಬಂತು, ಹುಳುವೂ ಬಂತು. ಒಳ್ಳೆಯ ಕೆಲಸಕ್ಕೆ ಇಂಥ ಬಾಲ ಅಂಟಿಕೊಳ್ಳುತ್ತದೆ ಅಂತ ಆಗ ಯಾರು ಎಣಿಸಿದ್ದರು?

1990ರ ದಶಕದಲ್ಲಿ ಹಿಕ್ಕೆಗೆ ಮತ್ತೆ ಬೆಲೆ ಬಂತು. ಹುಳುವಿನ ಪ್ರೋಟೀನ್ ಹಿಡಿಯುವ ಎಲಿಸಾ, ಡಿಎನ್‌ಎ ಹುಡುಕುವ ಪಿಸಿಆರ್ ಎರಡೂ ಬಂದವು. ನರಿ ಸಾಯಬೇಕಿಲ್ಲ. ಹಾಗಂತ ಸಲೀಸೂ ಅಲ್ಲ. ಹಿಕ್ಕೆಯಲ್ಲಿನ ಕೆಲವು ಪದಾರ್ಥಗಳು ಪಿಸಿಆರನ್ನೇ ತಡೆಯುತ್ತವೆ. ನರಿಯ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ದಿನಾ ಒಂದೇ ಸಮ ಬರುವುದಿಲ್ಲ. ದಾರಿಯಲ್ಲಿ ಸಿಕ್ಕಿದ್ದು ನರಿಯದೋ ನಾಯಿಯದೋ ಅಂತ ನೋಡುವುದಕ್ಕೂ ಇನ್ನೊಂದು ಪರೀಕ್ಷೆ ಬೇಕು.

2011ರಲ್ಲಿ ಸ್ವೀಡನ್ನಿನಲ್ಲೂ ಈ ಹುಳು ಪತ್ತೆಯಾಯಿತು. ಅದೇ ವರ್ಷ ಬಂದು, 2018ರಲ್ಲಿ ಹೊಸ ರೂಪ ಪಡೆದ ಯುರೋಪಿಯನ್ ಒಕ್ಕೂಟದ ನಿಯಮದಂತೆ ಫಿನ್ಲೆಂಡ್, ಐರ್ಲೆಂಡ್‌ನಂಥ ಹುಳು ಇಲ್ಲದ ದೇಶಗಳು ಒಳಬರುವ ನಾಯಿಗೆ ಹುಳುಮಾತ್ರೆ ಕಡ್ಡಾಯ ಮಾಡಬಹುದು. ಷರತ್ತು ಏನೆಂದರೆ, ಹುಳು ಇದ್ದರೂ ಅದು ಶೇ. 1ಕ್ಕಿಂತ ಜಾಸ್ತಿ ಪ್ರಾಣಿಗಳಲ್ಲಿಲ್ಲ ಅಂತ ಶೇ. 95ರಷ್ಟು ಖಾತ್ರಿಯಾಗಿ ಪ್ರತಿ ವರ್ಷ ತೋರಿಸಬೇಕು. ಪರೀಕ್ಷೆ ಒಂದನ್ನೂ ತಪ್ಪಿಸದಿದ್ದರೆ ಇದಕ್ಕೆ ಸುಮಾರು 300 ಮಾದರಿ ಸಾಕು. ಐದರಲ್ಲಿ ಒಂದು ಕೈತಪ್ಪಿದರೆ 375ರ ಹತ್ತಿರ ಹೋಗುತ್ತದೆ. ಅದೂ ಬೇಟೆಗಾರರು ಓಡಾಡುವ ಕಡೆಯ ನರಿಗಳಷ್ಟೇ ಆದರೆ ಸಾಲದು, ದೇಶದ ಎಲ್ಲ ಭಾಗಗಳಿಂದಲೂ ಮಾದರಿ ಬರಬೇಕು.